ಸೋತವರ ಊಟ

ರಾಜನಿಗೆ ಸೋಲಲು ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬರುತ್ತಿತ್ತು: ಆನೆ ಏರಲು, ಬಿರುದು ಸ್ವೀಕರಿಸಲು, ತನ್ನ ಚಿತ್ರವಿರುವ ಫಲಕದ ಮುಂದೆ ನಿಂತು ತನ್ನದೇ ಇನ್ನೊಂದು ಚಿತ್ರ ತೆಗೆಸಿಕೊಳ್ಳಲು. ಬಹಳ ಹಿಂದೆ ಇದ್ದ ಆ ರಾಜ್ಯದ ಹೆಸರು ಗೆಲ್ಲಾಪುರ. ರಾಜನ ಹೆಸರು ಅಜೇಯಮಲ್ಲ.

ಅಷ್ಟು ಹಿಂದೆ ಮೊಬೈಲ್ ಎಲ್ಲಿತ್ತು ಎಂದು ಮುಂದೆ ಯಾರಾದರೂ ಕೇಳಬಹುದು. ಇತ್ತು. ಅದನ್ನು ಕೈಗನ್ನಡಿ ಎನ್ನುತ್ತಿದ್ದರು. ಜನ ಅದರಲ್ಲಿ ಹೆಚ್ಚಾಗಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿದ್ದುದರಿಂದ ಈಗಿನ ಹೆಸರಿಗಿಂತ ಆ ಹೆಸರು ಪ್ರಾಮಾಣಿಕವಾಗಿತ್ತು. ಸಿಗ್ನಲ್ ಅರಮನೆಯ ಗೋಪುರದಿಂದ ಬರುತ್ತಿತ್ತು. ಮೋಡ ಕವಿದ ದಿನ ಬರುತ್ತಿರಲಿಲ್ಲ. ಮೋಡದ ಮೇಲೆ ಮೊಕದ್ದಮೆ ನಡೆಯುತ್ತಿತ್ತು.

ಕೈಗನ್ನಡಿಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಚೌಕಾಬಾರ. ಆ ಹಳೆಯ ಆಟವನ್ನು ಕೈಗನ್ನಡಿಗೆ ತಂದವಳು ದ್ಯಾಮಕ್ಕ ಎಂಬ ಹೆಂಗಸು. ಆಟಗಳನ್ನು ಮಾಡುವುದೇ ಅವಳ ಕಸುಬು. ಹೇಳಿಕೊಳ್ಳುವಂಥ ಗ್ರಾಫಿಕ್ಸ್ ಇರಲಿಲ್ಲ: ಇಪ್ಪತ್ತೈದು ಮನೆ, ನಾಲ್ಕು ಕವಡೆ, ಬಣ್ಣದ ಕಾಯಿಗಳು. ನಿಮ್ಮ ಕಾಯಿ ಸುತ್ತೆಲ್ಲ ಮುಗಿಸಿ, ಇನ್ನೇನು ನಡುಮನೆ ಸೇರಿ ಹಣ್ಣಾಗಬೇಕು ಎನ್ನುವಾಗ ಎದುರಿನವರು ಬಂದು ಅದನ್ನು ಕಡಿಯುತ್ತಾರೆ. ಆಗ ಹಲ್ಲುಕಿರಿದ ಮುಖವೊಂದು ಮೂಡಿ 'ನಡಿ ಮನೀಗೆ' ಎನ್ನುತ್ತದೆ. ಜನ ಆಡುತ್ತಿದ್ದದ್ದೇ ಆ ಮುಖದ ಸಲುವಾಗಿ. ಗೆದ್ದವನು ಕೈಗನ್ನಡಿ ಕೆಳಗಿಟ್ಟು ಊಟಕ್ಕೆ ಏಳುತ್ತಾನೆ, ಸೋತವನು 'ಇನ್ನೊಂದೇ ಒಂದು ಆಟ' ಎನ್ನುತ್ತಾನೆ. ಆಟ ಮಾಡುವವರ ಹೊಟ್ಟೆ ತುಂಬುವುದು ಎರಡನೆಯವನಿಂದ.

ಈ ಆಟಕ್ಕೆ ಇನ್ನೊಂದು ಕೆಲಸವೂ ಇತ್ತು. ರಾಜಧಾನಿಯ ಪಕ್ಕದ ದೊಡ್ಡ ಕೆರೆಗೆ ಎರಡು ತೂಬು. ಒಂದು ಮೂಡಣ ಬಯಲಿಗೆ ನೀರು ಬಿಡುತ್ತಿತ್ತು, ಇನ್ನೊಂದು ಪಡುವಣ ಬಯಲಿಗೆ. ಎರಡನ್ನೂ ಒಟ್ಟಿಗೆ ತೆರೆದರೆ ನಡುವಿನ ಹಳೆಯ ಮಣ್ಣಿನ ಏರಿ ತಡೆಯುವುದಿಲ್ಲ ಎಂಬುದು ಎರಡೂ ಬಯಲಿನವರಿಗೆ ಗೊತ್ತಿತ್ತು. ಹಾಗಾಗಿ ಪ್ರತಿವರ್ಷ ಏರಿಯ ಮೇಲಿನ ಚಪ್ಪಡಿಯಲ್ಲಿ ಬಯಲಿಗೊಬ್ಬರು ಕುಳಿತು ಚೌಕಾಬಾರ ಆಡುತ್ತಿದ್ದರು. ಗೆದ್ದವರ ತೂಬು ಮೊದಲು. ಸೋತವರು ಕಾಯಬೇಕು, ಆದರೆ ಗೆದ್ದವರು ಸೋತ ಬಯಲಿಗೆಲ್ಲ ಹೋಳಿಗೆ ಊಟ ಹಾಕಬೇಕು. ಇದಕ್ಕೆ ಸೋತವರ ಊಟ ಎಂದು ಹೆಸರು. ಊಟದ ಆಸೆಗೆ ಬೇಕೆಂದೇ ಸೋತವರೂ ಇದ್ದರಂತೆ.

ಆ ಚಪ್ಪಡಿಯನ್ನು ಅರಮನೆಯವರು ಕಿತ್ತು ಅಲ್ಲೊಂದು ಸೆಲ್ಫಿ ಕಟ್ಟೆ ಕಟ್ಟಿದ್ದರು. ಆಗ ದ್ಯಾಮಕ್ಕ ಬಲು ಉತ್ಸಾಹದಿಂದ, "ಕಲ್ಲು ಯಾಕ ಬೇಕ್ರಿ? ಇನ್ನ ಮ್ಯಾಲೆ ತೂಬಿನ ಆಟಾನೂ ನನ್ನ ಆಟದಾಗ ಆಡ್ರಿ" ಎಂದಿದ್ದಳು. ಎರಡೂ ಬಯಲು ಒಪ್ಪಿದವು. ಡೌನ್‌ಲೋಡ್ ಸಂಖ್ಯೆ ಏರಿತು. ಅವಳಿಗೂ ಸಂಖ್ಯೆಯೆಂದರೆ ಪ್ರೀತಿಯೇ.

ರಾಜನೂ ಆಡುತ್ತಿದ್ದ, ಗುಪ್ತವಾಗಿ. ಅವನ ಗುಪ್ತನಾಮ 'ಸಾಮಾನ್ಯ ಪ್ರಜೆ ಮಹಾರಾಜರು'. ಎದುರು ಕುಳಿತವರೆಲ್ಲ ಆಸ್ಥಾನದವರೇ ಆದ್ದರಿಂದ ಅವನ ಕಾಯಿಯನ್ನು ಯಾರೂ ಕಡಿದಿರಲಿಲ್ಲ. ಒಂದು ಮಧ್ಯಾಹ್ನ ಆಸ್ಥಾನಕ್ಕೆ ಆಸ್ಥಾನವೇ ನಿದ್ದೆಹೋಗಿದ್ದಾಗ ಆಟ ತನ್ನಷ್ಟಕ್ಕೆ ಅವನಿಗೊಬ್ಬ ಎದುರಾಳಿಯನ್ನು ಹುಡುಕಿಕೊಟ್ಟಿತು. ಪಡುವಣ ಬಯಲಿನ ಫಕೀರವ್ವ, ಕೆರೆದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕಿ. ರಾಜನ ಕೊನೆಯ ಕಾಯಿ ಹಣ್ಣಾಗಲು ಒಂದು ಮನೆ ಇರುವಾಗ ಅವಳು ಅದನ್ನು ಕಡಿದಳು. ಹಲ್ಲುಕಿರಿದ ಮುಖ ಬಂದು ಮಹಾರಾಜರಿಗೆ 'ನಡಿ ಮನೀಗೆ' ಎಂದಿತು.

ಮಹಾಮಂತ್ರಿ ಹೌದಪ್ಪಯ್ಯ ಪಂಚೆ ಸರಿಮಾಡಿಕೊಳ್ಳುತ್ತ ಓಡಿಬಂದ.

"ನಾವು ಸೋತೆವೆ, ಹೌದಪ್ಪಯ್ಯ?"

"ಶಾಂತಂ ಪಾಪಂ! ತಾವು ಸೋತಿಲ್ಲ ಪ್ರಭು. ತಮ್ಮ ಗೆಲುವು ಲೋಡ್ ಆಗುತ್ತಿದೆ."

ರಾಜ ಕಾದ. ಸೂರ್ಯ ಮುಳುಗಿದ.

"ಎಷ್ಟು ಪ್ರತಿಶತ ಆಯಿತು?"

"ತೊಂಬತ್ತೊಂಬತ್ತು, ಪ್ರಭು."

"ಮಧ್ಯಾಹ್ನವೂ ತೊಂಬತ್ತೊಂಬತ್ತು ಅಂದಿರಲ್ಲ?"

"ಅದೇ ಸ್ಥಿರತೆ ಪ್ರಭು! ತಮ್ಮ ಆಳ್ವಿಕೆಯ ಹೆಗ್ಗಳಿಕೆ."

ಮಾರನೆಯ ದಿನ ದ್ಯಾಮಕ್ಕನಿಗೆ ಕರೆ ಬಂತು. ಸಿಂಹಾಸನದ ಸುತ್ತ ಆಸ್ಥಾನದ ಪ್ರಭಾವಿಗಳು ತಮ್ಮ ತಮ್ಮ ಕೈಗನ್ನಡಿ ಎತ್ತಿ ಹಿಡಿದು ನಿಂತಿದ್ದರು. ಇವರು ಹಿಂದಿನ ಕಾಲದ ಆಸ್ಥಾನಕವಿಗಳ ಜಾಗಕ್ಕೆ ಬಂದವರು. ಛಂದಸ್ಸು ಬಾರದು, ಲೈಕ್ ಬರುತ್ತಿತ್ತು.

"ಎಲೌ ಯಂತ್ರಕುಶಲೆ," ಎಂದ ಹೌದಪ್ಪಯ್ಯ, "ನಿನ್ನ ಆಟದೊಳಗೆ ಸೋಲು ಎಂಬ ಘೋರವಾದ ಬಗ್ ಒಂದು ಪತ್ತೆಯಾಗಿದೆ. ಕೂಡಲೇ ಅಪ್‌ಡೇಟ್ ಮಾಡತಕ್ಕದ್ದು."

"ಅದು ಬಗ್ ಅಲ್ರೀ ಸಾಹೇಬ್ರ. ಅದ ಆಟ."

"ಎಲ್ಲ ಬಳಕೆದಾರರೂ ಗೆಲ್ಲುವಂತಾಗಬೇಕು. ಇದು ಪ್ರಜೆಗಳ ಅಪೇಕ್ಷೆ."

"ಯಾವ ಪ್ರಜೆ ಕೇಳ್ಯಾರ್ರೀ?"

"ಒಬ್ಬ ಸಾಮಾನ್ಯ ಪ್ರಜೆ," ಎಂದ ರಾಜ, ಕಿಟಕಿಯ ಕಡೆ ನೋಡುತ್ತ.

ದ್ಯಾಮಕ್ಕ ತಲೆ ಕೆರೆದುಕೊಂಡಳು. "ಆತ್ರಿ, ಉಳಿದದ್ದರಾಗ ತಗೀತೀನಿ. ತೂಬಿನ ಆಟ ಒಂದರಾಗ ಸೋಲು ಇರ್ಲಿ. ಇಬ್ರೂ ಗೆದ್ದರ ಇಬ್ರೂ ತೂಬು ತಗೀತಾರ. ಏರಿ ಒಡದ ಹೊಕ್ಕೈತಿ."

ಇದು ಗಂಭೀರ ವಿಚಾರವೆಂದು ಮಂತ್ರಿ ಒಪ್ಪಿ ಒಂದು ಸಮಿತಿ ರಚಿಸಿದ. ಸಮಿತಿ ಹೋಗಿ ಕೆರೆ ನೋಡಿತು, ಸೆಲ್ಫಿ ಕಟ್ಟೆಯ ಮೇಲೆ ನಿಂತಿತು, ನೀರಿನ ಹಿನ್ನೆಲೆ ಚೆನ್ನಾಗಿದೆಯೆಂದು ವರದಿ ಕೊಟ್ಟಿತು. ವಿನಾಯಿತಿ ಸಿಗಲಿಲ್ಲ. ಅಪ್‌ಡೇಟ್ ಮಾಡದಿದ್ದರೆ ಆಟವನ್ನೇ ಎಲ್ಲರ ಕೈಗನ್ನಡಿಯಿಂದ ಅಳಿಸಲಾಗುವುದು ಎಂದರು.

ಅವಳು ಪ್ರಾಣ ಹೋದರೂ ಬಗ್ಗಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಗ್ಗಿದಳು. ಆರು ವರ್ಷ ಕುಳಿತು ಮಾಡಿದ ಆಟ ಅದು. ಒಂದು ವಾರದಲ್ಲಿ ಅಪ್‌ಡೇಟ್ ಬಂತು. ಈಗ ಯಾರ ಕಾಯಿಯನ್ನೂ ಯಾರೂ ಕಡಿಯುವಂತಿರಲಿಲ್ಲ. ಕವಡೆ ಹೇಗೆ ಬಿದ್ದರೂ ಶಂಖ ಊದುತ್ತಿತ್ತು, ಹೂಮಳೆ ಸುರಿಯುತ್ತಿತ್ತು, 'ನೀವು ಗೆದ್ದಿರಿ' ಎಂದು ಬರುತ್ತಿತ್ತು.

ಜನ ಬಂಡೆದ್ದರೇ? ಇಲ್ಲ. ಜನಕ್ಕೆ ತುಂಬ ಇಷ್ಟವಾಯಿತು. ಗಂಡ ಗೆದ್ದ, ಹೆಂಡತಿ ಗೆದ್ದಳು, ಅತ್ತೆಯೂ ಗೆದ್ದಳು. ಗೆದ್ದ ಚಿತ್ರಗಳನ್ನು ಒಬ್ಬರಿಗೊಬ್ಬರು ಕಳಿಸಿ ಒಬ್ಬರಿಗೊಬ್ಬರು ಅಭಿನಂದಿಸಿದರು. ಹುಮ್ಮಸ್ಸು ಬಂದ ರಾಜ ಸೋಲನ್ನು ರಾಜ್ಯಾದ್ಯಂತ ನಿಷೇಧಿಸಿದ. ಗರಡಿಯಲ್ಲಿ ಇಬ್ಬರೂ ಪೈಲ್ವಾನರ ಕೈ ಎತ್ತಿದರು, ಕೆಳಗೆ ಬಿದ್ದಿದ್ದವನ ಕೈಯನ್ನು ಇಬ್ಬರು ಸೇವಕರು ಎತ್ತಿದರು. ಪರೀಕ್ಷೆಯಲ್ಲಿ ಎಲ್ಲರೂ ಪ್ರಥಮ. ನ್ಯಾಯಾಲಯದಲ್ಲಿ ಕಳ್ಳನೂ ಗೆದ್ದ, ಕಳಕೊಂಡವನೂ ಗೆದ್ದ. ಕದ್ದ ಕೊಡ ಮಾತ್ರ ಕಳ್ಳನ ಮನೆಯಲ್ಲೇ ಉಳಿಯಿತು. ಯಾವ ಅಂಗಡಿಗೂ ಐದಕ್ಕಿಂತ ಕಡಿಮೆ ನಕ್ಷತ್ರ ಕೊಡುವಂತಿರಲಿಲ್ಲ. ಮೊದಲು ಜನರನ್ನು ಬೈಯುತ್ತಿದ್ದ ಟ್ರೋಲ್ ದಳದವರಿಗೆ ಈಗ ಹೊಗಳುವ ಕೆಲಸ. ಅಭ್ಯಾಸಬಲದಿಂದ ಅವರು, "ಎಷ್ಟು ಚೆಂದ ಅದೀಯೋ ಮುಚ್ಕೊಂಡ್ ಹೋಗಲೇ" ಎಂದು ಬರೆಯುತ್ತಿದ್ದರು.

ಒಂದೇ ಒಂದು ವಿಚಿತ್ರ ನಡೆಯಿತು. ತಿಂಗಳೊಪ್ಪತ್ತಿನಲ್ಲಿ ಚೌಕಾಬಾರ ಆಡುವವರೇ ಕಡಿಮೆಯಾದರು. 'ಇನ್ನೊಂದೇ ಒಂದು ಆಟ' ಎನ್ನುವವರು ಯಾರೂ ಉಳಿದಿರಲಿಲ್ಲ.

ತೂಬು ತೆರೆಯುವ ದಿನ ಬಂತು. ಮೂಡಣ ಬಯಲಿನ ಈರಬಸಪ್ಪ, ಪಡುವಣ ಬಯಲಿನ ಫಕೀರವ್ವ ಏರಿಯ ಮೇಲೆ ಎದುರುಬದುರು ನಿಂತು ಕೈಗನ್ನಡಿಯಲ್ಲಿ ಆಡಿದರು. ಎರಡು ಶಂಖ ಒಟ್ಟಿಗೆ ಊದಿದವು.

"ಗೆದ್ದೆ! ಸರಿ, ನಾ ತೂಬು ತಗೀತೀನಿ," ಎಂದ ಈರಬಸಪ್ಪ.

"ಎಲ್ಲಿ ಗೆದ್ದೀಯೋ ಹುಚ್ಚಪ್ಪ? ಇಲ್ನೋಡು, ನಂದರಾಗ ಹೂವ ಬೀಳಾಕತ್ತಾವು."

"ನಂದರಾಗೂ ಬೀಳಾಕತ್ತಾವಲ್ಲ ಯಮ್ಮಾ. ನಂದು ಮಲ್ಲಿಗಿ, ನಿಂದು ಬರೇ ಚೆಂಡು ಹೂವ."

ಎರಡೂ ಬಯಲಿನವರು ತೋಳೇರಿಸಿದರು. ಅಷ್ಟರಲ್ಲಿ ದ್ಯಾಮಕ್ಕ ಓಡುತ್ತ ಬಂದಳು. ಸೊಂಟದ ಚೀಲದಿಂದ ನಾಲ್ಕು ಕವಡೆ ತೆಗೆದಳು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಇಪ್ಪತ್ತೈದು ಮನೆ ಬರೆದಳು.

"ಅದನ್ನ ಬಗಲಾಗ ಇಡ್ರಿ. ಕುಂಡ್ರಿ. ಕೈಲೆ ಆಡ್ರಿ."

"ಗೆದ್ದಾಂವ ಮತ್ಯಾಕ ಆಡಬೇಕು?" ಎಂದ ಈರಬಸಪ್ಪ.

"ಅಂಜಿಕಿ ಬಂತನ?" ಎಂದಳು ಫಕೀರವ್ವ, ಕುಳಿತೇಬಿಟ್ಟಳು.

ಅವನೂ ಕುಳಿತ. ಕವಡೆ ಮಣ್ಣಿನ ಮೇಲೆ ಉರುಳಿದ ಸದ್ದಿಗೆ ಜನ ಸುತ್ತ ಕವಿದರು. ಎಷ್ಟೋ ದಿನದ ಮೇಲೆ ಕಾಯಿ ಕಡಿಯುವುದನ್ನು ನೋಡಿದವರು ಕಿರುಚಿದರು, ಬೈದರು, ಶಿಳ್ಳೆ ಹಾಕಿದರು. ಕೊನೆಗೆ ಫಕೀರವ್ವನ ಕಾಯಿ ಹಣ್ಣಾಗಲು ಒಂದು ಮನೆ ಇರುವಾಗ ಈರಬಸಪ್ಪ ಅದನ್ನು ಕಡಿದ. ಹಲ್ಲುಕಿರಿಯಲು ಕೈಗನ್ನಡಿ ಬೇಕಾಗಲಿಲ್ಲ, ಅವನ ಬಾಯಲ್ಲೇ ಬೇಕಾದಷ್ಟಿದ್ದವು. "ನಡಿ ಮನೀಗೆ!"

"ಸೋತ್ನೋ ಮೂಳ," ಎಂದು ಫಕೀರವ್ವ ನಕ್ಕಳು. "ತಗಿ ನಿನ್ನ ತೂಬು. ಹೋಳಿಗಿಗೆ ತುಪ್ಪ ಕಡಿಮಿ ಹಾಕಿದ್ಯೋ, ನೋಡ್ಕೋ ಮತ್ತ."

ಈ ಮಾತು ನೇರಪ್ರಸಾರವಾಗುತ್ತಿತ್ತು. ಸೆಲ್ಫಿ ಕಟ್ಟೆಯ ಮೇಲಿದ್ದ ಪ್ರಭಾವಿಯೊಬ್ಬ ಅದನ್ನು ಅರಮನೆಗೆ ಮುಟ್ಟಿಸಿದ. ಮಹಾಮಂತ್ರಿ ಪಲ್ಲಕ್ಕಿಯಲ್ಲಿ ಬಂದಿಳಿದ.

"ಅಜ್ಜೀ, ತಾವು ಸೋತದ್ದಾಗಿ ವದಂತಿ ಇದೆ."

"ವದಂತಿ ಎಲ್ಲೀದ್ರೀ, ಖರೇನ ಸೋತೀನಿ. ಇಡೀ ಊರ ನೋಡೇತಿ."

"ತಾವು ಸೋಲುವಂತಿಲ್ಲ. ಅದಕ್ಕೆ ಅವಕಾಶವಿಲ್ಲ."

"ನನ್ನ ಸೋಲು ನಂದ್ರಿ! ನಾ ಕಾಯ್ತೀನಿ. ನಮ್ಮ ತೂಬು ಹತ್ತು ದಿನ ಬಿಟ್ಟು ತಗದರಾತು."

"ಕಾಯುವುದೆಂದರೆ ಸೋತಂತೆ." ಮಂತ್ರಿ ಸೇವಕರ ಕಡೆ ತಿರುಗಿದ. "ಇಬ್ಬರೂ ಗೆದ್ದಿದ್ದಾರೆ. ಎರಡೂ ತೂಬು ತೆರೆಯಿರಿ."

ದ್ಯಾಮಕ್ಕ ಪಡುವಣ ತೂಬಿನ ಮೇಲೆ ಹೋಗಿ ಕುಳಿತಳು. ನಾಲ್ವರು ಸೇವಕರು ಅವಳನ್ನು ಎತ್ತಿ ಪಕ್ಕಕ್ಕಿಟ್ಟರು, ಗೌರವಪೂರ್ವಕವಾಗಿ. ಅವಳನ್ನೂ ಗೆದ್ದವಳೆಂದೇ ಪರಿಗಣಿಸಲಾಗಿತ್ತು.

ನೀರು ಎರಡೂ ಕಡೆ ಭೋರ್ಗರೆಯಿತು. ಮಹಾರಾಜರು ಉಪ್ಪರಿಗೆಯಿಂದ ಕೈಬೀಸಿದರು. ಸಂಜೆಯ ಹೊತ್ತಿಗೆ ನಡುವಿನ ಏರಿಯಲ್ಲಿ ಬಿರುಕು ಕಂಡಿತು. ಸೆಲ್ಫಿ ಕಟ್ಟೆ ಮೊದಲು ಹೋಯಿತು, ಹಿಂದೆಯೇ ಏರಿ. ಜನ ದಿಬ್ಬ ಹತ್ತಿ ಬದುಕಿಕೊಂಡರು. ನೀರು ಬಯಲುಗಳ ಮಣ್ಣನ್ನು ಬಳಿದುಕೊಂಡು ಪಕ್ಕದ ರಾಜ್ಯಕ್ಕೆ ಹೋಯಿತು. ಪಕ್ಕದ ರಾಜ್ಯದವರು ಧನ್ಯವಾದ ಹೇಳಿ ಒಂದು ಹಲಸಿನಹಣ್ಣು ಕಳಿಸಿದರು. ಅದನ್ನು ಕಪ್ಪಕಾಣಿಕೆ ಎಂದು ಸ್ವೀಕರಿಸಲಾಯಿತು.

ಮುಂದಿನ ದರ್ಬಾರಿನಲ್ಲಿ ಅಜೇಯಮಲ್ಲನಿಗೆ 'ತಟಾಕವಿಜಯಿ' ಎಂಬ ಬಿರುದನ್ನೂ ಎರಡನೆಯ ಕಿರೀಟವನ್ನೂ ಅರ್ಪಿಸಿದರು. ಮೊದಲನೆಯದನ್ನು ತೆಗೆದರೆ ಸೋತಂತಾಗುತ್ತದೆಂದು ಎರಡನೆಯದನ್ನು ಅದರ ಮೇಲೇ ಇಟ್ಟರು. ಒಣಗಿದ ಕೆರೆಯಂಗಳವನ್ನು ರಾಜ್ಯದ ಅತಿ ದೊಡ್ಡ ಆಟದ ಮೈದಾನವೆಂದು ಘೋಷಿಸಲಾಯಿತು. ದ್ಯಾಮಕ್ಕನನ್ನು ಶಿಕ್ಷಿಸಬೇಕೆಂಬ ಮಾತು ಬಂತು. ಆದರೆ ಶಿಕ್ಷೆಯೆಂದರೆ ಸೋಲು, ಸೋಲು ನಿಷಿದ್ಧ. ಆದ್ದರಿಂದ ಅವಳಿಗೆ ಗಡಿಪಾರು ಎಂಬ ಬಹುಮಾನ ಕೊಟ್ಟರು. ಅವಳು ಕವಡೆ ತೆಗೆದುಕೊಂಡು ನೀರು ಹೋದ ದಾರಿಯಲ್ಲೇ ಹೋದಳು. ಆ ವರ್ಷ ಬೆಳೆ ಬರಲಿಲ್ಲ, ಕಂದಾಯ ಮಾತ್ರ ಗೆದ್ದವರ ದರದಲ್ಲಿ ಬಂತು.

ಸೋತವರ ಸಂಖ್ಯೆ ಸೊನ್ನೆ ಎಂದು ಎಲ್ಲರ ಕೈಗನ್ನಡಿಗೂ ಹೂಮಳೆಯ ಸಮೇತ ಸಂದೇಶ ಬಂತು.

ಹೋದದ್ದು ಇಷ್ಟು: ಕೆರೆ ಒಂದು, ಬಯಲು ಎರಡು, ಕುಡಿಯಲು ನೀರಿಲ್ಲದೆ ಫಕೀರವ್ವ ಸಂತೆಗೆ ಹೊಡೆದ ಎಮ್ಮೆ ಐದು, ಹೋಳಿಗೆ ಊಟ ಒಂದು.