ಕರೆಂಟ್ ಹೋದರೆ ಗೆಲ್ಲುವ ಭಾವ

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಇಂಥ ಪ್ರಸಂಗಗಳೆಲ್ಲ ನನಗೇ ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ರಿಪೇರಿಗೆ ಬರುವುದು ಕಂಪ್ಯೂಟರ್, ಆದರೆ ಕೆಟ್ಟಿರುವುದು ಬೇರೆಯೇ ಏನೋ.

ಈಚೆಗೆ ಒಂದು ಹೊಸ ಗೀಳು ಶುರುವಾಗಿದೆ. ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಗೇಮ್ ಪೆಟ್ಟಿಗೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡುವುದು. ಅದಕ್ಕೆ ಎಮ್ಯುಲೇಟರ್ ಅನ್ನುವ ಸಾಫ್ಟ್‌ವೇರ್ ಬೇಕು. ಅದು ಕಂಪ್ಯೂಟರಿಗೆ ಆ ಪೆಟ್ಟಿಗೆಯ ವೇಷ ಹಾಕಿಸುತ್ತದೆ. ವೇಷ ಹಾಕಿದ ಮೇಲೆ ಕುಣಿಯಲು ಶಕ್ತಿಯೂ ಬೇಕಲ್ಲ? ಸೆಕೆಂಡಿಗೆ ಅರವತ್ತು ಚಿತ್ರ ಮೂಡಿಸಿದರೆ ಆಟ ಸರಿಯಾಗಿ ಓಡುತ್ತದೆ. ಈ ಚಿತ್ರಗಳಿಗೇ ಫ್ರೇಮ್ ಅನ್ನುವುದು. ಮೂವತ್ತಕ್ಕೆ ಇಳಿದರೆ ಕಾರು, ರಸ್ತೆ, ಸಂಗೀತ ಎಲ್ಲವೂ ಅರ್ಧ ವೇಗಕ್ಕೆ ಬಂದು ತೆವಳುತ್ತವೆ.

ಅರವತ್ತರ ಗಡಿ

ನಮ್ಮೂರಿನ ಗೊಬ್ಬರದ ಅಂಗಡಿಯ ಯಜಮಾನರಿಗೆ ಹೀಗೊಂದು ಆಟ ಹಾಕಿಕೊಟ್ಟೆ. ಎಷ್ಟು ಫ್ರೇಮ್ ಬರುತ್ತಿದೆ ಎಂದು ಕಾಣಲಿ ಅಂತ ಪರದೆಯ ಮೂಲೆಯಲ್ಲಿ ಆ ಸಂಖ್ಯೆಯನ್ನೂ ಬಿಟ್ಟಿದ್ದೆ. ವಾರ ಕಳೆದ ಮೇಲೆ ಮುಖ ಊದಿಸಿಕೊಂಡು ಬಂದರು.

"ಮೇಡಂ, ಇದರಾಗೆ ಏನೋ ಮೋಸ ಐತ್ರಿ. ಎಷ್ಟ್ ಚಂದ ಆಡಿದ್ರೂ ಅರವತ್ತರ ಮೇಲೆ ಏರಂಗೇ ಇಲ್ರಿ."

"ಅದು ನಿಮ್ಮ ಅಂಕ ಅಲ್ಲ ಸಾರ್, ಕಂಪ್ಯೂಟರಿನ ವೇಗ. ನೀವು ಆಡದೆ ಸುಮ್ಮನೆ ಕೂತರೂ ಅಷ್ಟೇ ಇರುತ್ತೆ," ಅಂದೆ.

ಅಂಗಡಿಯಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು ಸುತ್ತ ನೋಡಿದರು. ಆಮೇಲೆ ದನಿ ತಗ್ಗಿಸಿ, "ಇದನ್ನ ನಮ್ಮ ಮನೆಯವ್ರಿಗೆ ಮಾತ್ರ ಹೇಳಬ್ಯಾಡ್ರಿ. ನಿಂದು ಬರೀ ಐವತ್ತೊಂಬತ್ತು ಅಂತ ವಾರದಿಂದ ಕಾಡಸ್ತಾ ಇದೀನಿ," ಅಂದರು.

ಹಾಸ್ಟೆಲ್ ಕಾಲದ ಹುಲಿ

ಸೊರಬದಲ್ಲಿರುವ ನನ್ನ ಭಾವನದು ಇನ್ನೂ ದೊಡ್ಡ ಕಥೆ. ಹಾಸ್ಟೆಲಿನಲ್ಲಿ ಓದುವಾಗ ಕಾರ್ ರೇಸಿನ ಆಟದಲ್ಲಿ ಅವರನ್ನು ಸೋಲಿಸಿದವರೇ ಇಲ್ಲವಂತೆ. ಇದನ್ನು ಅಕ್ಕನ ಜೊತೆ ಅವರ ಮದುವೆಯಾದಾಗಿನಿಂದ ಕೇಳುತ್ತಾ ಬಂದಿದ್ದೇವೆ. ಅವರ ಗೇಮ್ ಪೆಟ್ಟಿಗೆ ಕೆಟ್ಟುಹೋಗಿ, ಡಿಸ್ಕ್ ಮಾತ್ರ ಉಳಿದಿತ್ತು. ನಾನು ಅದೇ ಆಟವನ್ನು ಅವರ ಲ್ಯಾಪ್‌ಟಾಪಿನಲ್ಲಿ ಆಡುವ ಹಾಗೆ ಮಾಡಿಕೊಟ್ಟೆ. ಪರದೆ ಎರಡು ಭಾಗ, ಇಬ್ಬರ ಕೈಯಲ್ಲೂ ಒಂದೊಂದು ಕಂಟ್ರೋಲರ್.

ಎದುರಿಗೆ ಕೂರಲು ಯಾರೂ ಇಲ್ಲದ್ದಕ್ಕೆ ಅಕ್ಕನನ್ನು ಕೂರಿಸಿಕೊಂಡರು. ಅಕ್ಕ ಬ್ಲೌಸ್ ಹೊಲಿಯುವವಳು. ದಿನವಿಡೀ ಮಿಷನ್ನಿನ ಸೂಜಿಗೆ ಬೆರಳು ಸಿಗದ ಹಾಗೆ ಬಟ್ಟೆ ತಿರುಗಿಸುವ ಕೈಗೆ ಕಾರು ತಿರುಗಿಸುವುದು ಯಾವ ಲೆಕ್ಕ? ಎರಡೇ ದಿನದಲ್ಲಿ ಭಾವನನ್ನು ಹಿಂದೆ ಹಾಕಿದಳು.

ಭಾವ ನನಗೆ ಫೋನ್ ಮಾಡಿದರು. "ಎಂತದು ಮಾರಾಯ್ತಿ ಇದು, ಫ್ರೇಮ್ ಬೀಳ್ತಾ ಇದೆ."

"ಮೂಲೇಲಿ ಎಷ್ಟು ತೋರಿಸ್ತಿದೆ ಭಾವ?"

"ಅರವತ್ತು."

"ಹಾಗಾದ್ರೆ ಸರಿಯಾಗೇ ಇದೆ."

"ಅವಳ ಕಡೆ ಸರಿ ಇದೆ. ನನ್ನ ಅರ್ಧದಲ್ಲಿ ಮಾತ್ರ ಬೀಳ್ತಾ ಇದೆ!"

ಬೆರಗಾದ ಲೈನ್‌ಮನ್

ಒಂದು ಸಂಜೆ ಆಟದ ಮಧ್ಯೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಹೋಗಿ ಫ್ರೇಮ್ ಮೂವತ್ತಕ್ಕೆ ಇಳಿಯಿತು. ಕಾರುಗಳು ಸಾವಕಾಶವಾಗಿ, ಮೆರವಣಿಗೆ ಹೊರಟ ಹಾಗೆ ಹೋಗತೊಡಗಿದವು. ತಿರುವು ಬರುವುದು ಭಾವನಿಗೆ ಮೊದಲೇ ಕಾಣುತ್ತಿತ್ತು. ಗೆದ್ದರು! ಮಾರನೆಯ ದಿನದಿಂದ ಕರೆಂಟ್ ಇದ್ದಾಗ ಅವರಿಗೆ ಸೊಂಟ ನೋವು, ಹೋದ ಕೂಡಲೇ "ಬಾರೇ, ಒಂದು ರೇಸ್ ಆಡುವಾ."

ನಾಲ್ಕು ಸಲ ಗೆದ್ದ ಮೇಲೆ ಧೈರ್ಯ ಹೆಚ್ಚಿತು. ಉಳವಿಯಲ್ಲಿರುವ ತಮ್ಮ ತಂಗಿಗೆ ಫೋನ್ ಹಚ್ಚಿ, "ಭಾನುವಾರ ಎಲ್ಲರೂ ಬನ್ನಿ, ನಿಮ್ಮೆದುರಿಗೇ ಆಡ್ತೀನಿ. ಸೋತವರು ಅಷ್ಟೂ ಜನಕ್ಕೆ ರೊಟ್ಟಿ ತಟ್ಟಬೇಕು," ಎಂದು ಘೋಷಿಸಿಬಿಟ್ಟರು. ಆಮೇಲೆ ಚಹಾದಂಗಡಿಯಲ್ಲಿ ಲೈನ್‌ಮನ್‌ನನ್ನು ಹಿಡಿದು ಚಹಾ ಕುಡಿಸಿದರು.

"ಭಾನುವಾರ ಲೈನ್ ಕೆಲಸ ಇದ್ಯೇನಪ್ಪಾ?"

"ಇಲ್ಲ ಸಾರ್, ದಿನಪೂರ್ತಿ ಕರೆಂಟ್ ಇರುತ್ತೆ."

ಭಾವ ಅರ್ಧ ಚಹಾ ಬಿಟ್ಟು ಎದ್ದು ಹೋದರಂತೆ. ಲೈನ್‌ಮನ್ ಅಂಗಡಿಯವನಿಗೆ ಹೇಳಿದನಂತೆ: "ಕರೆಂಟ್ ತೆಗೆದಾಗ ಬೈದವರನ್ನ ಬೇಕಾದಷ್ಟು ನೋಡಿದೀನಿ. ಕೊಡ್ತೀವಿ ಅಂದಿದ್ದಕ್ಕೆ ಸಿಟ್ಟಾದವರು ಇವರೊಬ್ಬರೇ."

ರೊಟ್ಟಿಯ ಪಂದ್ಯ

ಅಕ್ಕ ದಡ್ಡಿಯಲ್ಲ. ಶನಿವಾರವೇ ನನಗೆ ಫೋನ್ ಮಾಡಿದಳು. "ಕರೆಂಟ್ ಹೋದಾಗ ಆಟ ಯಾಕೆ ನಿಧಾನ ಆಗ್ತದೆ?" ಹೇಳಿದೆ. "ಆಗದ ಹಾಗೆ ಮಾಡಬಹುದಾ?"

"ಮಾಡಬಹುದು. ಬ್ಯಾಟರಿ ಬೇಗ ಖಾಲಿ ಆಗುತ್ತೆ ಅಷ್ಟೆ."

"ಆಗ್ಲಿ. ನಾಳೆ ಬಂದು ಮಾಡು. ಅವರಿಗೆ ಹೇಳಬೇಡ."

ಭಾನುವಾರ ಭಾವ ತಂಗಿಯನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದಾಗ ಆ ಸೆಟ್ಟಿಂಗ್ ಬದಲಾಯಿಸಿ, ಏನೂ ತಿಳಿಯದವಳ ಹಾಗೆ ಮಂಡಕ್ಕಿ ತಿನ್ನುತ್ತಾ ಕೂತೆ. ಭಾವನ ಪರ ಇರಬೇಕೋ ಅಕ್ಕನ ಪರವೋ ಎಂಬ ಸಂಕಟ ನನಗೆ ಒಂದಿಷ್ಟೂ ಆಗಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ಸಂಜೆ ಪಂದ್ಯ ಶುರುವಾಯಿತು. ಭಾವನ ತಂಗಿ, ತಂಗಿಯ ಗಂಡ, ನಮ್ಮಮ್ಮ ಎಲ್ಲರೂ ಸುತ್ತ ಕೂತರು. ಕೊನೆಯ ಸುತ್ತಿಗೆ ಬರುವಾಗ ಅಕ್ಕನ ಕಾರು ಮುಂದಿತ್ತು. ಭಾವ ಆಟವನ್ನು ತಡೆದು ನಿಲ್ಲಿಸಿ, "ಗಂಟಲು ಒಣಗಿತು, ನೀರು ಕುಡಿದು ಬಂದೆ," ಎಂದು ಒಳಗೆ ಹೋದರು.

ತಲೆಯ ಮೇಲಿನ ಫ್ಯಾನ್ ನಿಂತಿತು.

"ಛೇ, ಎಂತಾ ಕರೆಂಟೋ ಏನೋ!" ಎಂದು ಬೇಸರದ ಮುಖ ಮಾಡಿಕೊಂಡು ಬಂದು ಕೂತರು. ಪಕ್ಕದ ಮನೆಯಲ್ಲಿ ಮಿಕ್ಸಿ ಗುರ್ ಎನ್ನುತ್ತಲೇ ಇತ್ತು. ನಮ್ಮಮ್ಮ ಕಿವಿಗೊಟ್ಟು ಕೇಳಿ, ನಿಂತ ಫ್ಯಾನಿನ ಕಡೆ ನೋಡಿದರು.

ಭಾವ ನಿಶ್ಚಿಂತೆಯಿಂದ ಆಟ ಮುಂದುವರಿಸಿದರು. ಕಾರು ಇದ್ದ ವೇಗದಲ್ಲೇ ಹಾರಿ ನೇರ ಬೇಲಿಗೆ ಬಡಿಯಿತು. ಹಿಂದೆ ತೆಗೆದರು, ಇನ್ನೊಂದು ಬೇಲಿ. ಅಕ್ಕ ಗೆರೆ ದಾಟಿಯೇಬಿಟ್ಟಳು. ಭಾವ ಕಂಟ್ರೋಲರ್ ಕೆಳಗಿಟ್ಟು, ನನ್ನ ಕಡೆ ತಿರುಗಿ ಕೂಗಿದರು:

"ಇದು ಯಾಕೆ ನಿಧಾನ ಆಗ್ಲಿಲ್ಲ? ನಾನೇ ಕೈಯಾರೆ ಮೇನ್ ಸ್ವಿಚ್ ಆಫ್ ಮಾಡಿ ಬಂದೀನಲ್ಲ!"

ಅಕ್ಕ ಸೆರಗು ಸರಿಮಾಡಿಕೊಂಡು, ತೀರಾ ಮೆತ್ತಗೆ ಹೇಳಿದಳು:

"ಹೌದಾ ರೀ? ಹಾಗಾದ್ರೆ ಹೋಗ್ತಾ ಅದನ್ನ ಆನ್ ಮಾಡಿ ಹೋಗಿ. ಕತ್ತಲಲ್ಲಿ ರೊಟ್ಟಿ ಸೀದೀತು."