ಗುಲೇದಗುಡ್ಡದ ಬಾಯಿ, ದೊಡ್ಡಬಳ್ಳಾಪುರದ ಮನೆ

ನಾನು ಬಾಯಿ ತೆರೆದ ಕಡೆಯಲ್ಲೆಲ್ಲ ಏನಾದರೊಂದು ನಡೆದೇ ತೀರುತ್ತದೆ. ಮೊನ್ನೆ ಕೂಡ ತರಕಾರಿ ಗಾಡಿಯವನು, "ಅಜ್ಜೀ, ನೀವು ಆ ಕಡೆಯವರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದ. ಹೆದರಿ ಹಾಕಿದನೋ ಪ್ರೀತಿಯಿಂದ ಹಾಕಿದನೋ ತಿಳಿಯಲಿಲ್ಲ.

ನಾನು ಗುಲೇದಗುಡ್ಡ ಬಿಟ್ಟು ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಗ ನನ್ನ ತವರು ಮುಂಬಯಿ ಸರಕಾರಕ್ಕೆ ಸೇರಿತ್ತು, ಗಂಡನ ಮನೆ ಮೈಸೂರು ಮಹಾರಾಜರಿಗೆ. ಎರಡೂ ಕಡೆ ನಾವು ನೇಯುವವರೇ. ನಮ್ಮ ಮಾವ ನೂಲು ಸಿಗುತ್ತದೇನೋ ಎಂದು ಹುಡುಕಿಕೊಂಡು ಅಷ್ಟು ದೂರ ಬಂದವರು, ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಉಂಡು, ನೂಲು ಸಿಗದೆ ಸೊಸೆಯನ್ನು ಗೊತ್ತುಮಾಡಿಕೊಂಡು ಹೋದರು. ಮಗ್ಗ ಅದೇ, ಲಾಳಿ ಅದೇ, ದೇವರೂ ಅದೇ. ಮಾತು ಮಾತ್ರ ಬೇರೆ. ಇಲ್ಲಿಗೆ ಬಂದ ಮೇಲೆ ನನ್ನ ಹಲ್ಲು ಹೋಗಿವೆ, ಕೂದಲು ಹೋಗಿದೆ. ತವರಿನಿಂದ ತಂದ ಮಾತು ಹೋಗಿಲ್ಲ.

೧. ಅವರೆಕಾಯಿ ಸಭೆ

ಬಂದ ಮರುದಿನ ಊಟಕ್ಕೆ ಕೂತಾಗ ಅತ್ತೆ ಇನ್ನೊಂದು ಮುದ್ದೆ ಹಾಕಲು ಬಂದರು. ನಾನು, "ಸಾಕ್ರೀ ಅತ್ತಿ, ಹೊಟ್ಟಿ ತುಂಬೇತಿ" ಅಂದೆ. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದರು: "ಏನಂದ್ಲು? ಇನ್ನೊಂದ್ಸಲ ಅನ್ನಿಸಿ."

ಮಧ್ಯಾಹ್ನದ ಹೊತ್ತಿಗೆ ನಮ್ಮ ಜಗಲಿಯ ತುಂಬ ಹೆಂಗಸರು. ಎಲ್ಲರೂ ನನ್ನ ಮಾತು ಕೇಳಲು ಬಂದವರು.

"ಏನಾದ್ರೂ ಮಾತಾಡಮ್ಮ," ಅಂದರು ಒಬ್ಬರು.

"ಏನ್ ಮಾತಾಡ್ಲಿರೀ?" ಅಂದೆ. ಅಷ್ಟಕ್ಕೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆಯ ಮುಖ ಸಣ್ಣದಾಯಿತು. "ಮೆತ್ತಗೆ ಮಾತಾಡೇ. ಕೋಲಲ್ಲಿ ಹೊಡ್ದಂಗಿರುತ್ತೆ ನಿನ್ನ ಮಾತು," ಎಂದು ಕಿವಿಯಲ್ಲಿ ಗದರಿದರು.

ನನಗೆ ಅಳು ಬಂದದ್ದು ನಿಜ. ನಮ್ಮವ್ವ ಜೋಗುಳ ಹಾಡಿದ್ದೂ ಇದೇ ಮಾತಿನಲ್ಲಿ, ಅದನ್ನು ಕೇಳಿ ಯಾರೂ ನಕ್ಕಿರಲಿಲ್ಲ. ಆದರೆ ಅಳುವುದಕ್ಕಿಂತ ಮೊದಲು ನನಗೆ ಹಟ ಬರುತ್ತದೆ. ಚಾಪೆ ತಂದು ಹಾಸಿದೆ. "ನಗೂದಿದ್ರ ಕುಂತು ನಗ್ರಿ. ನಿಂತು ಯಾಕ ಕಾಲು ನೋಯಿಸ್ಕೊಂತೀರಿ?"

ಕೂತರು. ನಡುವೆ ಒಂದು ಮಂಕರಿ ಅವರೆಕಾಯಿ ಇತ್ತು. ನಮ್ಮಜ್ಜಿಯ ರೊಟ್ಟಿಯನ್ನು ಮಂಗ ಕಿತ್ತುಕೊಂಡು ಗುಡ್ಡ ಹತ್ತಿದ್ದು, ಅಜ್ಜಿ ಸೀರೆ ಎತ್ತಿಕಟ್ಟಿ ಅದರ ಹಿಂದೆ ಬಿದ್ದದ್ದು, ಹೇಳುತ್ತಾ ಹೋದೆ. ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಬಾಯಿ ಸುಮ್ಮನಿದ್ದರೂ ಈ ಸೀಮೆಯ ಹೆಂಗಸರ ಕೈ ಅವರೆಕಾಯಿ ಕಂಡರೆ ಸುಮ್ಮನಿರುವುದಿಲ್ಲ. ಅಜ್ಜಿ ಗುಡ್ಡದ ತುದಿ ಮುಟ್ಟುವ ಹೊತ್ತಿಗೆ ಮಂಕರಿ ಖಾಲಿ. ಹಿಂದಿನ ದಿನ ನೆನೆಹಾಕಿದ್ದ ಕಾಳನ್ನೂ ಸಿಪ್ಪೆ ಬರುವ ಹಾಗೆ ಹಿಸುಕಿ ಗುಡ್ಡೆ ಹಾಕಿದ್ದರು.

ಸಂಜೆ ಅತ್ತೆ ನನ್ನ ಹತ್ತಿರ ಬಂದು ದನಿ ಇಳಿಸಿ ಹೇಳಿದರು: "ನಾಳೆ ಎರಡು ಮಂಕರಿ ತರಿಸ್ತೀನಿ. ಆ ಮಂಗ ಸಿಕ್ಕೋದನ್ನ ಸ್ವಲ್ಪ ತಡ ಮಾಡು."

೨. ಬೀದಿಯಲ್ಲಿ ಹಾಸು

ನೇಕಾರರ ಬೀದಿಯಲ್ಲಿ ಬೆಳಗಾದರೆ ಯಾರದಾದರೂ ಮನೆಯ ಹಾಸು ಬೀದಿಯ ಉದ್ದಕ್ಕೂ ಇರುತ್ತಿತ್ತು. ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳನ್ನು ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡುವ ಕೆಲಸ. ಒಣಗುವ ತನಕ ಯಾರೂ ಅಡ್ಡ ಬರುವ ಹಾಗಿಲ್ಲ. ಗಾಡಿಗಳನ್ನು ತಡೆಯಲು ಬೀದಿಯ ತುದಿಗೆ ಒಬ್ಬರು ನಿಲ್ಲಬೇಕು. ನಮ್ಮ ಹಾಸಿನ ದಿನ ಮಾವ ನಿಂತಿದ್ದರು.

ನೆಲಮಂಗಲದ ಕಡೆಯಿಂದ ಒಂದು ಸೌದೆ ಗಾಡಿ ಬಂತು. ಗಾಡಿಯವನು ತೂಕಡಿಸುತ್ತಿದ್ದ, ಎತ್ತುಗಳು ನೆಟ್ಟಗೆ ಹಾಸಿನ ಮೇಲೇ ಬರುತ್ತಿದ್ದವು. ಮಾವ, "ಏನಪ್ಪಾ, ಸ್ವಲ್ಪ ತಡೀತೀಯಾ? ಏನಪ್ಪಾ, ನಿನ್ನೇ ಕಣಪ್ಪಾ," ಎನ್ನುತ್ತಲೇ ಹಿಂದೆ ಹಿಂದೆ ಸರಿದರು. ಅವರ ಕಾಲು ಎಳೆಗಳಿಗೆ ತಾಗುವಷ್ಟು ಹತ್ತಿರ ಬಂದಾಯಿತು.

ನಾನು ಗಂಜಿಯ ಪಾತ್ರೆ ಹಿಡಿದು ಬಾಗಿಲಲ್ಲಿದ್ದೆ. "ಏ ಯಪ್ಪಾ, ನಿಂದರ್ಸಲೇ ಬಂಡಿ! ನಮ್ಮ ಅನ್ನಾನ ಇಲ್ಲಿ ಹಾಸೇವಿ. ಅದರ ಮ್ಯಾಲ ಗಾಲಿ ಹಾಯಿಸ್ತೀಯೇನು?"

ಎತ್ತು ನಿಂತವು. ಬೀದಿಯ ಮಗ್ಗಗಳೂ ನಿಂತವು. ಮೂಲೆಯಲ್ಲಿ ಕ್ಷೌರ ಮಾಡುತ್ತಿದ್ದವನು ಕತ್ತಿ ಮೇಲೆತ್ತಿಕೊಂಡು ಹಾಗೇ ನಿಂತ. ಗಾಡಿಯವನು ಕೆಳಗೆ ಹಾರಿ, ಎತ್ತುಗಳ ಮೂಗುದಾರ ಹಿಡಿದು ತಿರುಗಿಸಿ, ಮಾವನನ್ನು ಮೆಲ್ಲಗೆ ಕೇಳಿದ: "ಅಮ್ಮಾವ್ರು ಪೊಲೀಸ್ನೋರ ಮನೆಯವ್ರಾ?"

ಅಲ್ಲಿಂದ ಮುಂದೆ ಯಾರ ಹಾಸಿದ್ದರೂ ಹಿಂದಿನ ದಿನ ನಮ್ಮ ಮನೆಗೆ ಬಂದು ಅತ್ತೆಯನ್ನು ಕೇಳುತ್ತಿದ್ದರು: "ನಾಳೆ ಬೆಳಿಗ್ಗೆ ಒಂದು ಗಳಿಗೆ ನಿಮ್ಮ ಸೊಸೇನ ಕಳಿಸ್ತೀರಾ?"

ಅತ್ತೆ ಜರಡಿಯನ್ನೂ ಯಾರಿಗೂ ಸುಲಭಕ್ಕೆ ಕೊಡುವವರಲ್ಲ. ನನ್ನನ್ನು ಕೊಡುವಾಗಲೂ ಜರಡಿಗೆ ಹೇಳುವ ಮಾತನ್ನೇ ಹೇಳಿದರು: "ಕಳಿಸ್ತೀನಿ. ಕೆಲಸ ಆದ ತಕ್ಷಣ ವಾಪಸ್ ಕೊಟ್ಬಿಡಿ."

೩. ಮೆತ್ತನೆ ಮಾತಿನ ಪಾಠ

ಇಷ್ಟಾದರೂ, ನಾದಿನಿಗೆ ಗಂಡು ನೋಡಲು ಶುರುವಾದಾಗ ನನ್ನ ಮಾತೇ ಮನೆಗೆ ದೊಡ್ಡ ಚಿಂತೆಯಾಯಿತು.

ನಾದಿನಿ ನನ್ನ ವಾರಿಗೆಯವಳು. ಆ ಮನೆಯಲ್ಲಿ ನನ್ನ ಮಾತಿಗೆ ಮೊದಲ ದಿನದಿಂದಲೂ ನಗದಿದ್ದವಳು ಅವಳೊಬ್ಬಳೇ. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೂರನೆಯದು ದೇವನಹಳ್ಳಿಯ ರೇಷ್ಮೆ ವ್ಯಾಪಾರದವರದು. ಆ ಹುಡುಗನನ್ನು ಅವಳು ನೆಂಟರ ಮದುವೆಯೊಂದರಲ್ಲಿ ನೋಡಿದ್ದಳು, ಇವನೇ ಆಗಲಿ ಎಂದು ನನ್ನೊಬ್ಬಳಿಗೆ ಮಾತ್ರ ಹೇಳಿದ್ದಳು.

ಸಂಬಂಧ ತಂದ ನಾದಿನಿಯ ಚಿಕ್ಕಮ್ಮ ಅತ್ತೆಯನ್ನು ಎಚ್ಚರಿಸಿದರು: "ಅವರು ಬಲು ನಾಜೂಕು ಜನ. ಬೆಂಗಳೂರಿನ ದೊಡ್ಡೋರ ಜೊತೆ ಓಡಾಟ. ಒರಟು ಮಾತಾಡೋ ಮನೆ ಹೆಣ್ಣನ್ನ ತರೋದಿಲ್ಲ." ಇಬ್ಬರೂ ನನ್ನ ಕಡೆ ತಿರುಗಿದರು.

ಪಾಠ ಶುರುವಾಯಿತು. "'ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ' ಅನ್ನು," ಅಂದರು ಅತ್ತೆ.

"ಬರ್ರಿ, ಕುಂಡ್ರಿ, ಕಾಫಿ ಕುಡೀರಿ," ಅಂದೆ.

"ಕರೀತಿದ್ದೀಯೋ ಹೆದರಿಸ್ತಿದ್ದೀಯೋ?"

ಮತ್ತೆ ಹೇಳಿದೆ, ಮೆಲ್ಲಗೆ ಹೇಳಿದೆ, ಉಸಿರಿನಲ್ಲೇ ಹೇಳಿದೆ. ಮಗ್ಗದ ಗುಂಡಿಯಲ್ಲಿ ಕೂತಿದ್ದ ನಮ್ಮ ಯಜಮಾನರು ಕೆಲಸ ನಿಲ್ಲಿಸಿ, "ಅಮ್ಮಾ, ಯಾಕೋ ಅವಳಿಗೆ ಮೈಗೆ ಹುಷಾರಿಲ್ಲ ಅನ್ಸುತ್ತೆ, ನೋಡು," ಅಂದರು.

ಪಾಠದ ಹೊತ್ತಿಗೆಲ್ಲ ನಾದಿನಿ ಪಕ್ಕದಲ್ಲೇ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಂದು ದಿನ ಅತ್ತೆ ಅವಳನ್ನು ಒಳಗಿನಿಂದ ಕೂಗಿದರು. ಅವಳು ತಲೆ ಎತ್ತದೆಯೇ ಉತ್ತರ ಕೊಟ್ಟಳು: "ಬಂದ್ನಿರೀ ಅವ್ವಾ, ತಡೀರಿ ಒಂಚೂರ."

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. "ಒಬ್ಬಳನ್ನ ಈ ಕಡೆ ಎಳ್ಕೊಳ್ಳೋಕೆ ಹೋದೆ. ಇದ್ದೊಬ್ಬ ಮಗಳೂ ಆ ಕಡೆ ಹೋದ್ಲು."

೪. ದೊಡ್ಡ ಮನಸ್ಸಿನ ಮನೆ

ಪಾಠ ನಿಂತಿತು. ಹೆಣ್ಣು ನೋಡಲು ಬರುವ ದಿನ ನಾನು ಬಾಯಿಯನ್ನೇ ತೆರೆಯಬಾರದು ಎಂದು ತೀರ್ಮಾನವಾಯಿತು. ನನಗೆ ಮೈಯೆಲ್ಲ ಉರಿಯಿತು. ಆದರೆ ನಾದಿನಿ ನನ್ನ ಕೈ ಹಿಡಿದುಕೊಂಡಳು. ಒಪ್ಪಿಕೊಂಡೆ.

ದೇವನಹಳ್ಳಿಯವರು, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಬಸ್ಸಿನಲ್ಲಿ ಬಂದಿಳಿದರು. ಅವರಲ್ಲಿ ಹಿರಿಯರೆಂದರೆ ಹುಡುಗನ ಅಜ್ಜಿ. ಆಕೆ ಏನೆಂದರೆ ಅದೇ ಆ ಮನೆಯಲ್ಲಿ ನಡೆಯುವುದು. ನಾನು ಉಪ್ಪಿಟ್ಟು ತಂದಿಟ್ಟೆ.

"ನಿನ್ನ ತವರು ಯಾವೂರಮ್ಮ?" ಅಜ್ಜಿ ಕೇಳಿದರು. ನಾನು ನಕ್ಕೆ.

"ಮೇಲ್ಗಡೆ," ಅಂದರು ಅತ್ತೆ.

"ಉಪ್ಪಿಟ್ಟು ನೀನೇ ಮಾಡಿದ್ದಾ?" ನಾನು ತಲೆಯಾಡಿಸಿದೆ.

"ಅವಳೇ," ಅಂದರು ಅತ್ತೆ.

ಅಜ್ಜಿ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಅವರ ಕಣ್ಣು ತೇವವಾಯಿತು. "ಅಯ್ಯೋ ತಾಯೀ, ಮಾತು ಬರೋದಿಲ್ವಾ ಮಗೂಗೆ? ಇಂಥೋಳನ್ನ ಸೊಸೆ ಮಾಡ್ಕೊಂಡು ಮಗಳ ಥರ ಇಟ್ಕೊಂಡಿದ್ದೀರಲ್ಲ. ಎಷ್ಟು ದೊಡ್ಡ ಮನಸ್ಸಮ್ಮ ನಿಮ್ಮದು. ಇಂಥ ಮನೆ ಹೆಣ್ಣು ನಮಗೆ ಬೇಕೇ ಬೇಕು."

ಇಲ್ಲ ಎಂದರೆ ಸಂಬಂಧ ತಪ್ಪುತ್ತದೆ. ಹೌದು ಎಂದರೆ ಸುಳ್ಳಾಗುತ್ತದೆ. ಕೊನೆಗೆ ಅತ್ತೆ ನೆಲ ನೋಡುತ್ತಾ ಹೇಳಿದರು: "ಏನೋಮ್ಮ, ದೇವರು ಕೊಟ್ಟಿದ್ದು. ಸುಧಾರಿಸ್ಕೊಂಡು ಹೋಗ್ತಿದೀವಿ."

ಅವರ ಮಟ್ಟಿಗೆ ಅದು ನೂರಕ್ಕೆ ನೂರು ನಿಜವಾಗಿತ್ತು.

೫. ಬಜೆ

ಹೀಗೆ, ತಾಳಿ ಬೀಳುವ ತನಕ ದೇವನಹಳ್ಳಿಯವರ ಎದುರಿಗೆ ನಾನು ಮಾತು ಬಾರದವಳಾಗಿ ಇರಬೇಕಾಯಿತು. ಬೀದಿಯವರೂ ಗುಟ್ಟು ಬಿಡದೆ, ಮದುವೆಯ ಹಿಂದಿನ ದಿನ, ವರಪೂಜೆಯ ಮಧ್ಯಾಹ್ನದವರೆಗೆ ಹೇಗೋ ಸಾಗಿತು. ಆಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಬಜೆ ತೆಗೆದರು. ಮಾತು ತಡವಾದ ಮಕ್ಕಳ ನಾಲಿಗೆಗೆ ತೇಯ್ದು ಹಚ್ಚುವ ಬೇರು ಅದು.

"ಬಾ ಮಗಾ, ನಾಲಿಗೆ ಚಾಚು. ಬಂದ್ರೂ ಬರಬಹುದು."

ಜೇನಿನಲ್ಲಿ ತೇಯ್ದು ತಾವೇ ಹಚ್ಚಿದರು. ಆ ಖಾರ, ಆ ಒಗರು. ಕಣ್ಣಲ್ಲಿ ನೀರು ಬಂತು. ಅತ್ತೆ ಕಂಬದ ಹಿಂದಿನಿಂದ ಕೈ ಮುಗಿದು, ಸುಮ್ಮನಿರು ಎಂದು ಸನ್ನೆ ಮಾಡಿದರು. ಸುಮ್ಮನಿದ್ದೆ.

ಸಂಜೆ ಪಂಕ್ತಿಗೆ ಎಲೆ ಹಾಕಿದರು. ಹೋಳಿಗೆ ಬಡಿಸಿದ ಮೇಲೆ ಬೀಗರ ಹಾಡು. ಗಂಡಿನ ಕಡೆಯ ಹೆಂಗಸರು ನಮ್ಮನ್ನು ಹಾಡಿನಲ್ಲಿ ಹಂಗಿಸಬೇಕು, ನಾವು ಹಾಡಿನಲ್ಲೇ ತಿರುಗಿ ಕೊಡಬೇಕು. ಕೊಡದಿದ್ದರೆ ಸೋತ ಹಾಗೆ, ಹೆಣ್ಣಿಗೆ ಅತ್ತೆಮನೆಯಲ್ಲಿ ಅದನ್ನು ವರ್ಷಗಟ್ಟಲೆ ಆಡಿ ತೋರಿಸುತ್ತಾರೆ. ಅವರು ನಾಜೂಕಾಗಿಯೇ ಹಾಡಿದರು:

ಬೀಗರ ಮನೆಯ ಹೋಳಿಗೆ ತೆಳ್ಳಗೆ,
ಹೂರಣ ಎಲ್ಲಿ ಹೋಯಿತೊ ಮೆಲ್ಲಗೆ,
ಅತ್ತೆಗೆ ದನಿಯಿಲ್ಲ, ಸೊಸೆಗೆ ಬಾಯಿಲ್ಲ.

ಕೊನೆಯ ಸಾಲಿಗೆ ಅವರ ಮನೆಯ ಸಣ್ಣ ಹುಡುಗಿಯರು ಕಿಸಕ್ಕೆಂದರು. ನಮ್ಮ ಕಡೆ ಯಾರೂ ಏಳಲಿಲ್ಲ. ಅತ್ತೆ ಕೆಮ್ಮಿದರು, ರಾಗ ಹಿಡಿದರು, ಬಿಟ್ಟರು. ಪಂಕ್ತಿಯ ತುದಿಯಲ್ಲಿ ನಾದಿನಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದಳು. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು, ಇನ್ನೊಂದು ಕ್ಷಣದಲ್ಲಿ ಎದ್ದು ಎಲ್ಲ ಹೇಳಿಬಿಡುತ್ತಾಳೆ. ನನ್ನ ಅತ್ತಿಗೆಗೆ ಹೀಗನ್ನಬೇಡಿ ಎಂದೇ ಬಿಡುತ್ತಾಳೆ. ಹಾಗೆಂದರೆ ಬೆಳಗಿನ ತಾಳಿ ಇರುವುದಿಲ್ಲ.

ಮುಂದೇನೆಂದು ಯೋಚಿಸದೆ, ಅವಳು ಏಳುವ ಮೊದಲು ನಾನು ಎದ್ದೆ. ಅಷ್ಟು ದಿನ ಒಳಗೆ ಅದುಮಿಟ್ಟ ಗುಲೇದಗುಡ್ಡವೆಲ್ಲ ಒಟ್ಟಿಗೇ ಹೊರಗೆ ಬಂತು:

ತೆಳ್ಳನ ಹೋಳಿಗಿ ಅಂತ ನಗಬ್ಯಾಡ್ರಿ ಬೀಗತೇರ,
ಎಂಟೆಂಟು ತಿಂದೀರಿ ಕುಂತಲ್ಲೆ, ಮತ್ತೆರಡು
ಸೆರಗಿನ್ಯಾಗಿಂದ ಹೊರಗ ಇಣುಕ್ಯಾವ.

ಸಾರಿನ ಸೌಟು ಗಾಳಿಯಲ್ಲೇ ನಿಂತಿತು. ಅವರ ಕಡೆಯ ಹೆಂಗಸೊಬ್ಬರು ತಮಗರಿವಿಲ್ಲದೆ ಸೆರಗು ಸರಿಮಾಡಿಕೊಂಡರು. ಅತ್ತೆ ಇದ್ದಲ್ಲೇ ಕೂತುಬಿಟ್ಟರು.

ಮೊದಲು ದನಿ ಬಂದದ್ದು ಅಜ್ಜಿಗೆ. "ಹಿಡೀತು," ಅಂದರು. "ಮಧ್ಯಾಹ್ನ ಹಚ್ಚಿದ್ದು, ಸಂಜೆಗೆ ಹಿಡೀತು ನೋಡ್ರೇ ಬಜೆ."

ಪಂಕ್ತಿಯಲ್ಲೆಲ್ಲ ಗುಲ್ಲೆದ್ದಿತು. ಒಬ್ಬರು ದೇವರಿಗೆ ಕೈ ಮುಗಿದರು. ಇನ್ನೊಬ್ಬರು ತಮ್ಮ ಮೊಮ್ಮಗನಿಗೂ ಒಂದು ತುಂಡು ಬೇಕೆಂದರು. ಕೋಟು ಹಾಕಿಕೊಂಡಿದ್ದ ಹುಡುಗನ ಸೋದರಮಾವ ಮಾತ್ರ ಎಲೆಯಿಂದ ತಲೆ ಎತ್ತಿ ಹುಬ್ಬು ಗಂಟು ಹಾಕಿದರು. ಬೆಂಗಳೂರಿನಲ್ಲಿ ಓದಿ ಬಂದವರು.

"ಅಲ್ಲಮ್ಮಾ, ಈ ಊರಲ್ಲಿ ಹೊಸದಾಗಿ ಮಾತು ಬಂದೋರಿಗೆ ಈ ಸೀಮೆ ಮಾತು ತಾನೆ ಬರಬೇಕು? ಇದು ಅಚ್ಚ ಮುಂಬಯಿ ಸೀಮೆ ಕನ್ನಡ. ಅದೂ ಪದ ಕಟ್ಟಿ ಹಾಡೋವಷ್ಟು."

ನಾದಿನಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಎಲ್ಲವನ್ನೂ ಒಪ್ಪಿಕೊಳ್ಳಲು ಮೊಣಕಾಲಿನ ಮೇಲೆ ಕೈಯೂರಿ ಏಳತೊಡಗಿದರು.

ಆ ಅಜ್ಜಿಗೆ ಆಗಲೇ ಎಲ್ಲ ಗೊತ್ತಾಗಿತ್ತೋ, ಇಲ್ಲ ಬಜೆಯ ಮೇಲೆ ಅಷ್ಟು ನಂಬಿಕೆಯೋ, ನನಗೆ ಇವತ್ತಿಗೂ ತಿಳಿಯದು. ಹೋಳಿಗೆಯ ಕೊನೆಯ ಚೂರನ್ನು ನಿಧಾನವಾಗಿ ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ನುಂಗಿ, ಸೋದರಮಾವನ ಕಡೆ ತಿರುಗಿದರು.

"ಬಜೆ ಯಾವ ಕಡೆ ಮಾಲು ಅಂದ್ಕೊಂಡಿದ್ದೀಯೋ? ಸಂತೇಲಿ ಆ ಸೀಮೆ ವ್ಯಾಪಾರಿ ಹತ್ರ ತಗೊಂಡಿದ್ದು. ನಮ್ಮ ದೇವನಹಳ್ಳಿ ಬಜೆ ಹಚ್ಚಿದ್ರೂ ಮಾತು ಬರ್ತಿತ್ತು, ಇಲ್ಲ ಅನ್ನಲ್ಲ. ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."