ತಾಟು ಬಡಿದು ಮಾತಾಡುವ ಪದ್ಧತಿಯ ಪೇಟೆಂಟಿನಲ್ಲಿ ಹೆಸರು ತಿದ್ದುವ ಕುರಿತು

ದಿನಾಂಕ: 18-6-2007

ಇಂದ,
ಹೇಮಪ್ಪ ತಿರಕಪ್ಪ ಐರಣಿ,
ಎಸ್.ಟಿ.ಡಿ., ಝೆರಾಕ್ಸ್ ಹಾಗೂ ಇಂಟರ್ನೆಟ್ ಫೋನ್ ಅಂಗಡಿ,
ಬಸ್ ನಿಲ್ದಾಣದ ಹಿಂದೆ, ರಾಣೆಬೆನ್ನೂರು, ಹಾವೇರಿ ಜಿಲ್ಲೆ.

ಗೆ,
ಪೇಟೆಂಟ್ ಕೊಡುವ ಹಿರಿಯ ಸಾಹೇಬರು.
(ಸಾಹೇಬರು ಸೀಟಿನಲ್ಲಿ ಇರದಿದ್ದರೆ, ಸೀಟಿನಲ್ಲಿ ಇರುವವರು.)

ವಿಷಯ: ಇಂಟರ್ನೆಟ್ ಫೋನಿನಲ್ಲಿ ತಾಟು ಬಡಿದು ಮಾತಾಡುವ ಪದ್ಧತಿಯ ಸಂಶೋಧಕರ ಕಾಲಂನಲ್ಲಿ ನನ್ನ ಹೆಸರು ಹೊಡೆದುಹಾಕಿ ನನ್ನ ಹೆಂಡತಿಯ ಹೆಸರು ಬರೆದುಕೊಳ್ಳುವ ಬಗ್ಗೆ.

ಉಲ್ಲೇಖ: 1) ನನ್ನದೇ ಅರ್ಜಿ, ದಿನಾಂಕ 12-3-2007.
2) ತಮ್ಮ ಸ್ವೀಕೃತಿ ಪತ್ರ, 4-6-2007ರಂದು ಮನೆಗೆ ಬಂದದ್ದು. (ಅಂಗಡಿಗೆ ಬಂದಿದ್ದರೆ ಈ ಅರ್ಜಿಯೇ ಬೇಕಾಗುತ್ತಿರಲಿಲ್ಲ.)
3) ಹೆಂಡತಿಯ ಮೌಖಿಕ ವಿಚಾರಣೆ, ಅದೇ ದಿನ, ಅಡುಗೆಮನೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಲೆ ತಗ್ಗಿಸಿ ಬರೆದುಕೊಳ್ಳುವುದೇನೆಂದರೆ:

1. ಪರದೇಶದಲ್ಲಿ ಇರುವವರ ಜೊತೆ ಕಂಪ್ಯೂಟರಿನಿಂದ ಮಾತಾಡಿಸುವುದು ನನ್ನ ಕಸುಬು. ಇದರಲ್ಲಿ ಮಾತು ಅಗ್ಗ, ಆದರೆ ಇಲ್ಲಿ ಆಡಿದ್ದು ಅಲ್ಲಿಗೆ ಮುಟ್ಟಲು ಮೂರು ನಾಲ್ಕು ಸೆಕೆಂಡು ಹಿಡಿಯುತ್ತದೆ. ನಮ್ಮ ಕಡೆಯವರಿಗೋ ಕೇಳುವಾಗ ಹೂಂಗುಟ್ಟುವ ರೂಢಿ. ಹೂಂ ಅನ್ನದಿದ್ದರೆ ಹೇಳುವವರು ಲೈನ್ ಕಟ್ಟಾಯಿತೆಂದು ಇಟ್ಟುಬಿಡುತ್ತಾರೆ. ಈ ತಂತ್ರಜ್ಞಾನ ಮಾಡಿದ ಕಂಪನಿಯವರು ನಮ್ಮ ಹೂಂ ಅನ್ನು ಲೆಕ್ಕಕ್ಕೆ ಹಿಡಿದಿಲ್ಲ.

2. ಕಾರಣ, ಕಳೆದ ಜನವರಿಯಲ್ಲಿ ಒಂದು ಅನಾಹುತವಾಯಿತು. ಹಲಗೇರಿಯ ದೇವವ್ವ ಮಸ್ಕತ್ತಿನಲ್ಲಿ ಕ್ರೇನ್ ನಡೆಸುವ ತನ್ನ ಗಂಡ ದುರುಗೇಶನ ಜೊತೆ ಮಾತಾಡುತ್ತಿದ್ದಳು. ಅವನು, "ನಿನ್ನ ಕೈಯಾಗಿನ ರೊಟ್ಟಿ ಭಾಳ ನೆನಪಾಗತೈತಿ" ಎಂದ. ಇವಳು "ಹೂಂನ್ರಿ" ಎಂದಳು. ಆ ಹೂಂ ಸಮುದ್ರ ದಾಟುವುದರೊಳಗೆ ಅವನು, "ನಮ್ಮ ಎಮ್ಮಿ ನಿಮ್ಮಣ್ಣಗ ಕೊಟ್ಟಿಯೇನು ಮತ್ತ?" ಎಂದು ಕೇಳಿಬಿಟ್ಟಿದ್ದ. ಹೂಂ ಸರಿಯಾಗಿ ಅಲ್ಲಿಗೆ ಹೋಗಿ ಕುಳಿತಿತು. ಅವನು ಸಿಟ್ಟಿನಿಂದ, "ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ಲೇನು?" ಎಂದ. ಎಮ್ಮೆಯ ಪ್ರಶ್ನೆಗೆ ಇವಳು ಹೇಳಿದ್ದ "ಇಲ್ರಿ" ಆಗ ಹೋಗಿ ಮುಟ್ಟಿತು.

ಮೂರು ವಾರ ದುರುಗೇಶ ಫೋನಿಗೆ ಬರಲಿಲ್ಲ. ಎಮ್ಮೆ ಹಲಗೇರಿಯ ಕೊಟ್ಟಿಗೆಯಲ್ಲಿ ಕಟ್ಟಿದಲ್ಲೇ ಇತ್ತು.

3. ನಾಲ್ಕನೆಯ ವಾರ ಅವನು ಬಂದಾಗ ದೇವವ್ವ ಅಳುತ್ತ ಕುಳಿತಿದ್ದಳು. ನನಗೆ ಊಟ ತಂದಿದ್ದ ನನ್ನ ಹೆಂಡತಿ ಹೊನ್ನವ್ವ, ರೊಟ್ಟಿ ನನ್ನ ಕೈಗೆ ಕೊಟ್ಟು, ಊಟದ ತಾಟು, ಚಮಚೆ ಕಸಿದು ಅವಳ ಮುಂದಿಟ್ಟಳು. "ದೇವಕ್ಕ, ಹೂಂ ಅನ್ನಬ್ಯಾಡ. ನಿನ್ನ ಮಾತು ಮುಗಿದ ಮ್ಯಾಲೆ ಒಮ್ಮಿ ಬಡಿ. ಅಂದ್ರ ಅವರ ಪಾಳಿ. ಅವರೂ ಮುಗಿಸಿ ಬಡೀಲಿ, ಅಲ್ಲೀತನಕ ನೀ ಬಾಯಿ ಮುಚ್ಚಿಕೊಂಡು ಕುಂದ್ರು. ಫೋನ್ ಇಡೂದಿದ್ರ ಎರಡು ಸಲ ಬಡಿ."

ಮಸ್ಕತ್ತಿನಲ್ಲಿ ದುರುಗೇಶ ತನ್ನ ಡಬ್ಬಿಯ ಮುಚ್ಚಳ ಬಡಿದ. ಹತ್ತು ನಿಮಿಷದಲ್ಲಿ ಎಮ್ಮೆಯ ಪ್ರಕರಣ ಇತ್ಯರ್ಥವಾಯಿತು. ಅಂದಿನಿಂದ ನನ್ನ ಅಂಗಡಿಯಲ್ಲಿ ಎಲ್ಲರೂ ತಾಟು ಬಡಿದೇ ಮಾತಾಡುತ್ತಾರೆ. ದಾರಿಯಲ್ಲಿ ಹೋಗುವವರು ಊಟದ ಖಾನಾವಳಿ ಎಂದು ತಿಳಿದು ಒಳಗೆ ಬಂದದ್ದೂ ಇದೆ.

4. ಎದುರಿನ ಸೈಬರ್ ಕೆಫೆಯ ಸುರೇಶ ಇದನ್ನು ನೋಡಿ, ತನ್ನಲ್ಲಿ ಹಿತ್ತಾಳೆಯ ಗಂಟೆ ಕಟ್ಟಿದ. ಕೇಳಿದರೆ, "ನಿಂದು ತಾಟು, ನಂದು ಗಂಟಿ. ಬ್ಯಾರೆ ಬ್ಯಾರೆ ಟೆಕ್ನಾಲಜಿ" ಎಂದ. ಅದೇ ವಾರ ನಾನು ಪತ್ರಿಕೆಯಲ್ಲಿ ಓದಿದೆ: ಅಮೆರಿಕೆಯಲ್ಲಿ ಫೋನ್ ಕಂಪನಿಯೊಂದು, ಇಂಟರ್ನೆಟ್ಟಿನಲ್ಲಿ ಮಾತು ಕಳಿಸುವ ದಾರಿ ನಮ್ಮ ಪೇಟೆಂಟು ಎಂದು ಇನ್ನೊಂದು ಕಂಪನಿಯನ್ನು ಕೋರ್ಟಿಗೆ ಎಳೆದಿದೆ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಅರ್ಧ ಕೆಲಸ ಮಾಡಿದವರು. ಮಾತು ಒಯ್ಯುವುದನ್ನು ಕಂಡುಹಿಡಿದರು, ಪಾಳಿ ಕಂಡುಹಿಡಿಯಲಿಲ್ಲ. ಅಷ್ಟಕ್ಕೇ ಅವರಿಗೆ ಪೇಟೆಂಟ್ ಸಿಗುವುದಾದರೆ ನಮಗೇಕೆ ಸಿಗಬಾರದು? ಆದ್ದರಿಂದ ಅರ್ಜಿ ಹಾಕಿದೆ.

5. ತಪ್ಪು ನಡೆದದ್ದು ಹಾವೇರಿಯಲ್ಲಿ. ಅರ್ಜಿ ಟೈಪ್ ಮಾಡುವವರು, "ಕಂಡುಹಿಡಿದವರು ಯಾರ್ರಿ?" ಎಂದು ಕೇಳಿದರು. ನಾನು, "ಯಾರಂದ್ರ, ನಾನ" ಎಂದೆ. ಕಾಲಂ ಸಣ್ಣದಿತ್ತು, ಎರಡು ಹೆಸರು ಹಿಡಿಯುತ್ತಿರಲಿಲ್ಲ ಎಂದು ಅಡುಗೆಮನೆಯ ವಿಚಾರಣೆಯಲ್ಲಿ ಹೆಂಡತಿಗೆ ಹೇಳಿದ್ದೇನೆ. ಅದು ಸುಳ್ಳು. ಕಾಲಂನಲ್ಲಿ ಇನ್ನೂ ಒಂದು ಗೇಣು ಜಾಗವಿತ್ತು. ನನ್ನ ಹಿಂದೆ ಮೂರು ಮಂದಿ ಪಾಳಿ ಹಚ್ಚಿ ನಿಂತಿದ್ದರು. ಅವರೆದುರು "ನನ್ನ ಹೆಂಡತಿ" ಎನ್ನಲು ನಾಲಿಗೆ ಹೊರಳಲಿಲ್ಲ.

6. ತಮ್ಮ ಸ್ವೀಕೃತಿ ಪತ್ರವನ್ನು ಹೊನ್ನವ್ವ ಎರಡು ಸಲ ಓದಿದಳು. ಆಮೇಲೆ ತಾಟು ತೊಳೆದು ನನ್ನ ಮುಂದೆ ಹಿಡಿದಳು. ನಮ್ಮಲ್ಲಿ ತವರಿನವರು ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಮಗಳ ಹೆಸರು ಹಾಕಿಸಿ ಕೊಡುತ್ತಾರೆ, ತಮಗೆ ಗೊತ್ತಿರಬಹುದು.

"ಇದರ ಮ್ಯಾಲೆ ಯಾರ ಹೆಸರೈತಿ, ಓದ್ರಿ."

ಓದಿದೆ.

"ಕೇಳಿದ್ರ ನಾನ ನಿಮ್ಮ ಹೆಸರು ಬರೀರಿ ಅಂತಿದ್ದೆ. ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ಲೇನ್ರಿ?"

ನನಗೆ ಹೂಂ ಅನ್ನಲಾಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಇಬ್ಬರೂ ಒಂದೇ ಅಡುಗೆಮನೆಯಲ್ಲಿದ್ದೆವು. ತಪ್ಪು ಹೊರಿಸಲು ನಡುವೆ ಯಾವ ಕಂಪನಿಯೂ ಇರಲಿಲ್ಲ. ಮರುದಿನ ಅವಳು ತಾಟು, ಚಮಚೆ ತೆಗೆದುಕೊಂಡು ಬ್ಯಾಡಗಿಗೆ, ತನ್ನ ತವರಿಗೆ ಹೋದಳು.

7. ಅಂದಿನಿಂದ ದಿನವೂ ಫೋನ್ ಮಾಡಿದೆ. ಅವಳೇ ಎತ್ತುತ್ತಿದ್ದಳು. ಎರಡು ಸಲ ತಾಟು ಬಡಿದು ಇಟ್ಟುಬಿಡುತ್ತಿದ್ದಳು. ಹೀಗೆ ಹನ್ನೆರಡು ದಿನ. ಈ ಮಧ್ಯೆ ಮನೆಯಲ್ಲಿ ಉಳಿದ ಪಾತ್ರೆಗಳನ್ನೆಲ್ಲ ತಿರುಗಿಸಿ ನೋಡಿದೆ. ಲೋಟದಿಂದ ಕೊಡದವರೆಗೆ ಅವಳದೇ ಹೆಸರು. ನನ್ನ ಹೆಸರಿರುವುದು ತಮ್ಮ ಕಾಗದದ ಮೇಲೆ ಮಾತ್ರ, ಅದೂ ಸುಳ್ಳು. ಅವಳಿಲ್ಲದೆ ನನಗೆ ಊಟ ಸೇರುತ್ತಿಲ್ಲ.

8. ನಿನ್ನೆ ಅವಳು ಒಂದೇ ಸಲ ಬಡಿದಳು. ಪದ್ಧತಿಯ ಪ್ರಕಾರ ಪಾಳಿ ನನ್ನದು. ಫೋನ್ ಕಿವಿಗೆ ಹಿಡಿದು ನಿಂತೆ. ಅವಳು ಕಾದಳು, ಸಾಕಷ್ಟು ಹೊತ್ತು ಕಾದಳು. ಕೊನೆಗೆ ನಾನೇ ಇಟ್ಟುಬಿಟ್ಟೆ.

ಆದ್ದರಿಂದ ಬಾಯಲ್ಲಿ ಬಾರದ್ದನ್ನು ಅರ್ಜಿಯಲ್ಲಿ ಬರೆದಿದ್ದೇನೆ. ಸಂಶೋಧಕರ ಕಾಲಂನಲ್ಲಿ "ಹೊನ್ನವ್ವ" ಎಂದು, ತಾಟಿನ ಮೇಲಿರುವಷ್ಟೇ ಸ್ಪಷ್ಟವಾಗಿ ಬರೆದುಕೊಳ್ಳಬೇಕಾಗಿ ವಿನಂತಿ. ಪೇಟೆಂಟ್ ಕೊಡುವುದು ಬಿಡುವುದು ತಮಗೆ ಬಿಟ್ಟದ್ದು. ಸುರೇಶ ಬೇಕಾದರೆ ಇನ್ನೂ ನಾಲ್ಕು ಗಂಟೆ ಕಟ್ಟಿಕೊಳ್ಳಲಿ.

ತಮ್ಮ ವಿಶ್ವಾಸಿ (ಹೆಂಡತಿಯ ವಿಶ್ವಾಸ ಇನ್ನೂ ಪರಿಶೀಲನೆಯಲ್ಲಿದೆ),
ಹೇಮಪ್ಪ ತಿ. ಐರಣಿ

ಲಗತ್ತುಗಳು:
ಅ) ಲೋಟದ ಮೇಲಿನ ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ತೆಗೆದ ನಕಲು.
ಆ) ಎಮ್ಮೆ ಹಲಗೇರಿಯಲ್ಲೇ ಇದೆ ಎಂಬುದಕ್ಕೆ ದೇವವ್ವನ ಹೆಬ್ಬೆಟ್ಟು.
ಇ) ತಾಟು ಲಗತ್ತಿಸಿಲ್ಲ. ಕಾರಣ ಮೇಲೆ ಹೇಳಿದೆ.

ಪ್ರತಿ: ಶ್ರೀಮತಿ ಹೊನ್ನವ್ವ, ಬ್ಯಾಡಗಿ. ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ. ನಾಳೆ ಮುಂಜಾನೆಯ ಬಸ್ಸಿಗೆ ಅರ್ಜಿದಾರನೇ ಖುದ್ದಾಗಿ ಬಂದು ಇದನ್ನು ಓದಿ ಹೇಳುತ್ತಾನೆ. ಓದಿ ಮುಗಿದ ಮೇಲೆ ಒಂದು ಸಲ ಬಡಿಯುತ್ತಾನೆ. ಬಡಿಯಲು ತಾಟು ತಾವೇ ಕೊಡಬೇಕಾಗಿ ವಿನಂತಿ.